ಪದಚರ್ಚೆ: 'ಜಂಪ್ ಸ್ಕೇರ್'ಗೆ ಕನ್ನಡ ಬೇಕಿದೆ (ತುರ್ತು)

>> ಶನಿವಾರ ನಮ್ಮ ಕಾಲೇಜಿನಲ್ಲಿ ಪಾಪ್ ಹಾಡಿನ ವಿಡಿಯೋಗಳು ಹಾರರ್ ಸಿನಿಮಾದಿಂದ ಏನೇನು ತಗೊಂಡಿವೆ ಅಂತ ಒಂದು ಪ್ರದರ್ಶನ ಇದೆ. ಫಲಕಗಳು ನಾಳೆ ಸಂಜೆಯೇ ಅಚ್ಚಿಗೆ ಹೋಗಬೇಕು. ಜಂಪ್ ಸ್ಕೇರ್ (ತೆರೆಯ ಮೇಲೆ ಏನೋ ತಟ್ಟನೆ ಎರಗಿ ನೋಡುಗರನ್ನು ಹಾರಿಬೀಳಿಸುವುದು), ಜಾಂಬಿ (ಎದ್ದು ಓಡಾಡುವ ಹೆಣ) ಎರಡಕ್ಕೂ ಪದ ಬೇಕು. 'ಹಠಾತ್ ಭೀತಿ' ಅಂತ ಬರೆದಿದ್ದೇನೆ, ಯಾಕೋ ಒಗ್ಗುತ್ತಿಲ್ಲ.

> ನೆಗೆಹೆದರಿಕೆ, ಮರುಳು. ಕನ್ನಡದಲ್ಲಿ ಇಲ್ಲದ ಪದವಿಲ್ಲ, ಹುಡುಕುವ ಮನಸ್ಸು ಬೇಕು ಅಷ್ಟೆ.

'ನೆಗೆಹೆದರಿಕೆ' ಖಂಡಿತ ಬೇಡ. ಇಂಗ್ಲಿಷಿನ ಎರಡು ತುಂಡಿಗೆ ಕನ್ನಡದ ಎರಡು ತುಂಡು ಅಂಟಿಸಿದರೆ ಪದ ಆಗುವುದಿಲ್ಲ. 'ಹಠಾತ್ ಭೀತಿ'ಯೂ ಹೊಂದುವುದಿಲ್ಲ. ಭೀತಿ ಮೆಲ್ಲಗೆ ಕವಿದು ಕೂರುವಂಥದ್ದು, ಇಲ್ಲಿ ಎದೆ ಒಂದು ಸಲ ಧಸಕ್ಕೆಂದು ಮುಗಿಯುತ್ತದೆ.

ಅದಕ್ಕೆ ಮನೆಮಾತಿನಲ್ಲೇ ಪದ ಇದೆ: ಬೆಚ್ಚು. ಮಗು ನಿದ್ದೆಯಲ್ಲಿ ಬೆಚ್ಚಿಬಿತ್ತು ಅಂತೀವಿ, ಹೆದರಿತು ಅನ್ನುವುದಿಲ್ಲ. ಹಳಗನ್ನಡದ ಬೆರ್ಚು ಇದು. ಪೆರ್ಚು ಹೆಚ್ಚಾದಂತೆ ಬೆರ್ಚು ಬೆಚ್ಚಾಯಿತು. ಮಲೆನಾಡಿನ ಗದ್ದೆಯ ಬೆರ್ಚಪ್ಪನಲ್ಲಿ ಆ ರಕಾರ ಇನ್ನೂ ಉಳಿದಿದೆ, ಹಕ್ಕಿಯನ್ನು ಬೆಚ್ಚಿಸುವುದೇ ಅವನ ಕೆಲಸ. ಹೆಸರುಪದವಾಗಿಯೂ ಇದು ಹಳೆಯದೇ, ಧೈರ್ಯವಾಗಿ ಬಳಸಿ. ಬೆಚ್ಚಗಿನ ನೀರು ನೆನಪಾಗುತ್ತದೆ ಅಂತ ಯಾರಾದರೂ ತಕರಾರು ತೆಗೆಯಬಹುದು. ಅದು ಬೇರೆ ಧಾತು, ಸಂದರ್ಭ ಬಿಡಿಸಿಕೊಡುತ್ತದೆ.

ಪದವನ್ನು ವಿಡಿಯೋ ಮೇಲಿಟ್ಟು ನೋಡಿ. ನಿಮ್ಮ ಫಲಕದಲ್ಲಿ ಮೈಕೆಲ್ ಜಾಕ್ಸನ್‌ನ 1983ರ 'ಥ್ರಿಲ್ಲರ್' ಇದ್ದೇ ಇರುತ್ತದೆ. 1981ರಲ್ಲಿ ತೋಳಮನುಷ್ಯನ ಸಿನಿಮಾ ಮಾಡಿದ್ದ ಜಾನ್ ಲ್ಯಾಂಡಿಸ್‌ನನ್ನೇ ನಿರ್ದೇಶನಕ್ಕೆ, ಅದಕ್ಕೆ ಮೇಕಪ್ ಮಾಡಿದ್ದ ರಿಕ್ ಬೇಕರ್‌ನನ್ನೇ ಮೇಕಪ್‌ಗೆ ಜಾಕ್ಸನ್ ಕರೆಸಿಕೊಂಡಿದ್ದ. ಕೊನೆಯಲ್ಲಿ ಹುಡುಗಿ ಕಿರುಚುತ್ತ ಎಚ್ಚರಗೊಳ್ಳುತ್ತಾಳೆ, ಎಲ್ಲ ಕನಸು. ಮನೆಗೆ ಬಿಡ್ತೀನಿ ಬಾ ಅಂತ ಅವಳನ್ನು ಬಳಸಿ ಹಿಡಿದು ಹೊರಟವನು ತಟ್ಟನೆ ನಮ್ಮ ಕಡೆ ತಿರುಗುತ್ತಾನೆ. ಕಣ್ಣು ಹಳದಿ. ಚಿತ್ರ ಅಲ್ಲಿಗೇ ನಿಂತುಬಿಡುತ್ತದೆ, ಹಾರರ್ ನಟ ವಿನ್ಸೆಂಟ್ ಪ್ರೈಸ್‌ನ ನಗು ಕೇಳುತ್ತದೆ. ಅದರ ಕೆಳಗೆ 'ಕೊನೆಯ ಬೆಚ್ಚು' ಅಂತ ಬರೆಯಿರಿ, ಯಾರಿಗೂ ವಿವರಿಸಬೇಕಾಗಿಲ್ಲ. ಗೋರಿಗಳಿಂದ ಹೆಣಗಳು ಒಂದೊಂದಾಗಿ ಏಳುವ ಭಾಗಕ್ಕೆ ಮಾತ್ರ ಇದನ್ನು ಹಾಕಬೇಡಿ. ಅಲ್ಲಿರುವುದು ದಿಗಿಲು.

ಇನ್ನು 'ಮರುಳು'. ರನ್ನನ ಗದಾಯುದ್ಧದ ರಣರಂಗದಲ್ಲಿ ದುರ್ಯೋಧನನನ್ನು ಹಂಗಿಸುವ ಮರುಳುಗಳು, ಅಂದರೆ ಪಿಶಾಚಿಗಳು, ನನಗೂ ಪ್ರಿಯ. ಆದರೆ ಇವತ್ತಿನ ವಿದ್ಯಾರ್ಥಿಗೆ ಮರುಳು ಅಂದರೆ ಹುಚ್ಚು, ಮೋಹ. 'ಜಾಕ್ಸನ್ ಮರುಳುಗಳ ಜೊತೆ ಕುಣಿದ' ಅಂತ ಓದಿದವರು ಅಭಿಮಾನಿಗಳ ಜೊತೆ ಅಂದುಕೊಳ್ಳುತ್ತಾರೆ. 'ಭೂತ' ಅಂತೂ ಬೇಡವೇ ಬೇಡ, ಕರಾವಳಿಯಲ್ಲಿ ಅದಕ್ಕೆ ಕೋಲ ಕಟ್ಟುತ್ತಾರೆ. ಹೆಣದೊಳಗೆ ಸೇರಿಕೊಳ್ಳುವ ಬೇತಾಳ ಹತ್ತಿರ ಬರುತ್ತದೆ. ಆದರೆ ನಮ್ಮ ಬೇತಾಳ ಕಥೆ ಹೇಳುತ್ತದೆ, ಒಗಟು ಕೇಳುತ್ತದೆ. ಜಾಂಬಿಗೆ ಮಾತೂ ಇಲ್ಲ, ಬುದ್ಧಿಯೂ ಇಲ್ಲ. ಆದ್ದರಿಂದ ಜಾಂಬಿ ಜಾಂಬಿಯಾಗಿಯೇ ಇರಲಿ.

'ಇಲ್ಲದ ಪದವಿಲ್ಲ' ಅನ್ನುವ ಮಾತನ್ನು ಈ ಗುಂಪಿನಲ್ಲಿ ಎಷ್ಟು ಸಲ ಓದಿದ್ದೇನೋ. ಪ್ರತಿ ಸಲವೂ ಕೇಳಿದವರ ಕೆಲಸ ಅಲ್ಲಿಗೇ ನಿಂತಿದೆ. ಜಾಂಬಿ ಇಂಗ್ಲಿಷಿಗೂ ಹುಟ್ಟಿನಿಂದ ಬಂದದ್ದಲ್ಲ, ಹೈಟಿಯಿಂದ ತಂದದ್ದು. ಜಾರ್ಜ್ ರೊಮೆರೋನ 1968ರ ಸಿನಿಮಾದಲ್ಲಿ ಎದ್ದು ಬರುವ ಹೆಣಗಳನ್ನು 'ಗೂಲ್' ಅನ್ನುತ್ತಾರೆ, ಅದು ಅರಬ್ಬಿಯದು. ಅದೇ ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಕುರ್ಚಿಯ ಮೇಲೆ ಕೂತು ನಾವು ಅರ್ಜಿ ಬರೆಯುತ್ತೇವೆ, ಕನ್ನಡಕ್ಕೆ ಏನೂ ಕಡಿಮೆಯಾಗಿಲ್ಲ. ಬೆಚ್ಚು ಇದ್ದಾಗ ಬೆಚ್ಚು ಬಳಸೋಣ, ಇಲ್ಲದಾಗ ತರೋಣ.

ಅಚ್ಚಿಗೆ ಕೊಡುವ ಮುನ್ನ ಒಂದು: 'ಝಾಂಬಿ' ಬರೆಯಬೇಡಿ. ಝ ಮಹಾಪ್ರಾಣ, ಇಂಗ್ಲಿಷಿನ z ಸದ್ದು ಅದರಲ್ಲಿಲ್ಲ. ಬರಿಯ ಜ ಸಾಕು.