ನಮ್ಮ ಹಳ್ಳಕ್ಕೆ ತೂಗುಸೇತುವೆಯೇ, ಕಾಂಕ್ರೀಟ್ ಸೇತುವೆಯೇ?

ಪ್ರಶ್ನೆ (ಅಂಕೋಲಾ ತಾಲೂಕಿನಿಂದ)

ಗಂಗಾವಳಿಗೆ ಸೇರುವ ಹಳ್ಳವೊಂದರ ಆಚೆ ದಡದಲ್ಲಿ ನಮ್ಮ ಹನ್ನೊಂದು ಮನೆಗಳಿವೆ. ಪ್ರತಿ ವರ್ಷ ಮೃಗಶಿರಾ ಮಳೆ ಹಿಡಿಯುವ ಮುನ್ನ ಮೂರು ಅಡಿಕೆ ಮರಗಳನ್ನು ಜೋಡಿಸಿ, ಒಂದು ಬದಿಗೆ ಹಿಡಿದುಕೊಳ್ಳಲು ಬಿದಿರಿನ ಗಳ ಕಟ್ಟಿ, ನಾವೇ ಕಾಲುಸಂಕ ಹಾಕಿಕೊಳ್ಳುತ್ತೇವೆ. ಆಷಾಢದ ಹೊತ್ತಿಗೆ ಮರದ ಮೇಲೆ ಪಾಚಿ ಕಟ್ಟಿ ಕಾಲು ನಿಲ್ಲುವುದಿಲ್ಲ. ಶಾಲೆಯ ಮಕ್ಕಳನ್ನು ದಾಟಿಸಲು ಬೆಳಿಗ್ಗೆ, ಸಂಜೆ ದೊಡ್ಡವರೊಬ್ಬರು ನಿಂತೇ ಇರಬೇಕು. ಕಳೆದ ಮಳೆಗಾಲದಲ್ಲಿ ಜ್ವರದಿಂದ ಬಳಲುತ್ತಿದ್ದ ನಮ್ಮ ಅತ್ತೆಯನ್ನು ಕುರ್ಚಿಗೆ ಕಟ್ಟಿ, ಒಬ್ಬರು ಮುಂದೆ ಒಬ್ಬರು ಹಿಂದೆ ಹೊತ್ತು, ಒಂದೊಂದೇ ಹೆಜ್ಜೆ ಇಟ್ಟು ದಾಟಿಸಿದೆವು. ಮುಂದಿನ ಗ್ರಾಮಸಭೆಯಲ್ಲಿ ಸೇತುವೆ ಕೇಳಬೇಕೆಂದಿದ್ದೇವೆ. ಕೆಲವರು ತೂಗುಸೇತುವೆ ಸಾಕೆನ್ನುತ್ತಾರೆ, ಉಳಿದವರಿಗೆ ವಾಹನ ಹೋಗುವಂಥದ್ದೇ ಬೇಕು. ಯಾವುದನ್ನು ಕೇಳುವುದು ಸರಿ?

ಉತ್ತರ (ಸುಳ್ಯದಿಂದ)

ನಮ್ಮ ಊರಿನ ಗಿರೀಶ್ ಭಾರದ್ವಾಜರು ಪಯಸ್ವಿನಿ ನದಿಗೆ ಅರಂಬೂರಿನಲ್ಲಿ ಮೊದಲ ತೂಗುಸೇತುವೆ ಕಟ್ಟಿದ್ದು 1989ರಲ್ಲಿ. ಆಮೇಲೆ ಅವರು ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದರು; 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತೂಗುಸೇತುವೆಯ ದೊಡ್ಡ ಗುಣವೆಂದರೆ ನೀರಿನ ನಡುವೆ ಕಂಬವೇ ಬೇಡ, ಭಾರವನ್ನೆಲ್ಲ ಎರಡು ದಡಗಳಲ್ಲಿ ಹೂತ ಉಕ್ಕಿನ ಹಗ್ಗಗಳೇ ಹೊರುತ್ತವೆ. ಖರ್ಚೂ ಕಡಿಮೆ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಅದು ನಡೆದು ಹೋಗುವವರ ಸೇತುವೆ. ನಿಮ್ಮ ಅತ್ತೆಯವರಂಥವರಿಗೆ ಬೇಕಾದ ಜೀಪು ಅದರ ಮೇಲೆ ಬರುವುದಿಲ್ಲ. ಹಗ್ಗಕ್ಕೆ ಗ್ರೀಸ್ ಹಚ್ಚುವುದು, ಸಡಿಲಾದ ಬೋಲ್ಟ್ ಬಿಗಿಯುವುದು ಯಾರ ಹೊಣೆ ಎಂಬುದನ್ನೂ ಮೊದಲೇ ಬರೆಸಿಕೊಳ್ಳಿ. ಉದ್ಘಾಟನೆಯ ದಿನ ಇದನ್ನು ಯಾರೂ ಕೇಳುವುದಿಲ್ಲ.

ಉತ್ತರ (ಯಲ್ಲಾಪುರದಿಂದ)

ನಿಮ್ಮದೇ ನದಿಯ ಕಥೆಯನ್ನು ಮರೆಯಬೇಡಿ. ರಾಮನಗುಳಿಯ ತೂಗುಸೇತುವೆಯನ್ನು 2019ರ ಆಗಸ್ಟ್ ನೆರೆ ಕೊಚ್ಚಿಕೊಂಡು ಹೋಯಿತು. ಕಾಂಕ್ರೀಟ್ ಆದರೆ ಭದ್ರ ಎನ್ನುವಂತೆಯೂ ಇಲ್ಲ, ಏಕೆಂದರೆ ಎರಡೇ ವರ್ಷದಲ್ಲಿ, 2021ರ ಜುಲೈನಲ್ಲಿ, ಗುಳ್ಳಾಪುರದ ಸೇತುವೆ ಅದೇ ನದಿಯ ಪಾಲಾಯಿತು. ಬೇಡ್ತಿ, ಗಂಗಾವಳಿ ಎಂದು ಎರಡು ಹೆಸರು ಹೊತ್ತ ಈ ನದಿಗೆ ಘಟ್ಟದಲ್ಲಿ ಸುರಿದ ಮಳೆಯನ್ನು ತಡೆದು ನಿಲ್ಲಿಸುವ ದೊಡ್ಡ ಅಣೆಕಟ್ಟಿಲ್ಲ. ಆದ್ದರಿಂದ ಸೇತುವೆ ಯಾವ ಬಗೆಯದು ಎನ್ನುವುದಕ್ಕಿಂತ ಅದು ಎಷ್ಟು ಎತ್ತರದಲ್ಲಿರುತ್ತದೆ ಎನ್ನುವುದು ಮುಖ್ಯ. 2019ರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೋ ಆ ಗುರುತನ್ನು ಹುಡುಕಿ ಅಳೆದಿಡಿ. ಅದಿಲ್ಲದೆ ತಯಾರಾದ ನಕ್ಷೆಗೆ ಒಪ್ಪಬೇಡಿ.

ಉತ್ತರ (ಹೊನ್ನಾವರದಿಂದ)

ಮೇಲಿನ ಮಾತು ಅಕ್ಷರಶಃ ಸರಿ. ಹಳ್ಳ ಕಿರಿದಾಗಿದ್ದರೆ ನಡುವೆ ಕಂಬವಿಲ್ಲದ, ದಡದಿಂದ ದಡಕ್ಕೆ ಒಂದೇ ಹಾಸಿನ ಕಿರುಸೇತುವೆ ಕೇಳಿ. ಅಗ್ಗವೆಂದು ಪೈಪು ಮೋರಿ ಹಾಕಲು ಬಂದರೆ ಖಂಡಿತ ಬೇಡವೆನ್ನಿ. ಕೊಚ್ಚಿ ಬಂದ ದಿಮ್ಮಿ, ಬಿದಿರ ಮೆಳೆ ಪೈಪಿನ ಬಾಯಿಗೆ ಸಿಕ್ಕಿಕೊಂಡರೆ ನೀರು ಪಕ್ಕದ ಮಣ್ಣನ್ನು ಕೊರೆದು ಬೇರೆಯೇ ದಾರಿ ಮಾಡಿಕೊಳ್ಳುತ್ತದೆ, ಮೋರಿ ಮಾತ್ರ ಹಳ್ಳದ ನಡುವೆ ಉಳಿಯುತ್ತದೆ. ಕಿಂಡಿಗಳಿಗೆ ಹಲಗೆ ಇಟ್ಟು ನೀರು ನಿಲ್ಲಿಸುವ ಕಿಂಡಿ ಅಣೆಕಟ್ಟಿನ ಮೇಲೆಯೇ ದಾರಿ ಮಾಡುವುದೂ ಉಂಟು, ಬೇಸಿಗೆಯಲ್ಲಿ ತೋಟಕ್ಕೆ ನೀರೂ ನಿಲ್ಲುತ್ತದೆ. ಆದರೆ ಮಳೆಗೆ ಮುನ್ನ ಹಲಗೆ ತೆಗೆಯುವವರಿರಬೇಕು. ಶಾಲೆಯ ಮಕ್ಕಳು ದಾಟುವುದರಿಂದ ಲೋಕೋಪಯೋಗಿ ಇಲಾಖೆಯ ಶಾಲಾ ಸಂಪರ್ಕ ಸೇತು ಯೋಜನೆಯ ಬಗ್ಗೆಯೂ ವಿಚಾರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಹಗ್ಗ ಹಿಡಿದು ಅಳೆದೆವು. ದಡದಿಂದ ದಡಕ್ಕೆ 42 ಅಡಿ ಇದೆ. 2019ರ ನೀರು ಹಲಸಿನ ಮರದ ಕವಲಿನವರೆಗೆ ಬಂದಿದ್ದನ್ನು ಮೂವರು ಹಿರಿಯರು ಬೇರೆ ಬೇರೆಯಾಗಿ ತೋರಿಸಿದರು, ಮೂವರೂ ಒಂದೇ ಕವಲನ್ನು ತೋರಿಸಿದರು. ಅಲ್ಲಿಗೆ ಸುಣ್ಣದ ಪಟ್ಟೆ ಬಳಿದಿದ್ದೇವೆ. ಆ ಪಟ್ಟೆಗಿಂತ ಮೇಲೆ, ನಡುವೆ ಕಂಬವಿಲ್ಲದ, ಒಂದು ಜೀಪು ಹೋಗುವಷ್ಟು ಅಗಲದ ಸೇತುವೆ ಬೇಕೆಂದು ಹನ್ನೊಂದು ಮನೆಯವರೂ ಸಹಿ ಹಾಕಿದ ಅರ್ಜಿ ಸಿದ್ಧವಾಗಿದೆ.