ಉಬುಂಟು 22.04ಕ್ಕೆ ಅಪ್‌ಗ್ರೇಡ್ ಮಾಡಿದ ಮೇಲೆ ಮಾನಿಟರ್ 1024×768ರಲ್ಲೇ ನಿಂತಿದೆ, 1920×1080 ಪಟ್ಟಿಯಲ್ಲೇ ಇಲ್ಲ

ಗಂಗಾವತಿಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನಮ್ಮದೊಂದು ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಬ್ಯಾನರ್, ಅಕ್ಕಿ ಚೀಲಗಳ ಮೇಲೆ ಮುದ್ರಿಸುವ ಗುರುತು, ಇವೆಲ್ಲವನ್ನೂ ಇಂಕ್‌ಸ್ಕೇಪ್ ಮತ್ತು ಸ್ಕ್ರೈಬಸ್‌ನಲ್ಲಿ ಮಾಡುತ್ತೇವೆ. ನಾವು ಬಳಸುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಆದ ಉಬುಂಟು 20.04ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಲ್ಲಿ ಮುಗಿದಿದ್ದರಿಂದ ಅಂಗಡಿಯ ಕಂಪ್ಯೂಟರನ್ನು 22.04ಕ್ಕೆ ಅಪ್‌ಗ್ರೇಡ್ ಮಾಡಿದೆವು. ಫೈಲುಗಳು, ಫಾಂಟುಗಳು, ಪ್ರಿಂಟರ್ ಎಲ್ಲವೂ ಮೊದಲಿನಂತೆಯೇ ಇವೆ. ಪರದೆ ಮಾತ್ರ 1024×768ಕ್ಕೆ ಇಳಿದು ಅಲ್ಲಿಯೇ ನಿಂತಿದೆ.

ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದಲ್ಲಿ 1024×768, 800×600 ಮತ್ತು ಅದಕ್ಕೂ ಚಿಕ್ಕ ಅಳತೆಗಳು ಮಾತ್ರ ಕಾಣುತ್ತವೆ. ನಮ್ಮ ಮಾನಿಟರಿನ ನಿಜವಾದ ಅಳತೆ 1920×1080. ಅಗಲವಾದ ಪರದೆಯ ಮೇಲೆ 4:3ರ ಚಿತ್ರ ಹಿಗ್ಗುವುದರಿಂದ ವೃತ್ತಗಳು ಮೊಟ್ಟೆಯಾಕಾರಕ್ಕೆ ತಿರುಗಿವೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಒತ್ತಕ್ಷರಗಳದು. ‘ಲಕ್ಷ್ಮಿ’, ‘ಶಾಸ್ತ್ರೋಕ್ತ’ ಎಂಬಲ್ಲಿ ಅಕ್ಷರದ ಕೆಳಗಿನ ಒತ್ತುಗಳು ಒಂದಕ್ಕೊಂದು ಅಂಟಿಕೊಂಡು ಮಸುಕಾಗುತ್ತವೆ. ಕರಡು ತಿದ್ದುವಾಗ ತ ಒತ್ತು ಇದೆಯೋ ನ ಒತ್ತು ಇದೆಯೋ ತಿಳಿಯುವುದಿಲ್ಲ. ಲಗ್ನಪತ್ರಿಕೆಯಲ್ಲಿ ಹಿರಿಯರ ಹೆಸರು ತಪ್ಪಾಗಿ ಅಚ್ಚಾದರೆ ಅದನ್ನು ಸರಿಪಡಿಸಲು ಬರುವುದಿಲ್ಲವಾದ್ದರಿಂದ ಸಹಾಯ ಕೇಳುತ್ತಿದ್ದೇನೆ.

ಯಂತ್ರದಲ್ಲಿರುವುದು ಮೂರನೇ ತಲೆಮಾರಿನ ಇಂಟೆಲ್ ಐ3, ಅದರೊಳಗಿನ ಗ್ರಾಫಿಕ್ಸೇ ಬಳಕೆಯಲ್ಲಿದೆ. ರಸ್ತೆಯ ಧೂಳು ಮತ್ತು ಬೇಸಿಗೆಯ ಕಾವಿನ ಕಾರಣ ಸಿಪಿಯು ಹಾಗೂ ಯುಪಿಎಸ್ ಒಳಕೋಣೆಯಲ್ಲಿವೆ. ಕೌಂಟರಿನ ಮೇಲಿರುವ ಮಾನಿಟರಿಗೆ ಅಲ್ಲಿಂದ ಉದ್ದನೆಯ ವಿಜಿಎ ಕೇಬಲ್ ಎಳೆಯಲಾಗಿದೆ.

ರಾಯಚೂರಿನಿಂದ ಉತ್ತರ

ನಮಸ್ಕಾರ ಸರ್. ಮುಂದಕ್ಕೆ ಹೋಗುವ ಮೊದಲು ಕೆಲವು ಸಂಗತಿಗಳನ್ನು ನೋಡಿ ತಿಳಿಸಿ.

ಮಾನಿಟರಿನ ಕೆಳಗಿರುವ ಮೆನು ಗುಂಡಿಯನ್ನು ಒತ್ತಿದರೆ ಅದಕ್ಕೆ ಬರುತ್ತಿರುವ ಸಿಗ್ನಲ್ಲಿನ ಅಳತೆ ಕಾಣಿಸುತ್ತದೆ. ಕಂಪ್ಯೂಟರ್ ಏನು ಹೇಳುತ್ತದೆ ಎಂಬುದಕ್ಕಿಂತ ಮಾನಿಟರಿಗೆ ಏನು ತಲುಪುತ್ತಿದೆ ಎಂಬುದು ಮುಖ್ಯ. ಅಲ್ಲಿ 1920×1080 ಎಂದೇ ಇದ್ದು ಅಕ್ಷರಗಳು ಮಾತ್ರ ದೊಡ್ಡದಾಗಿ ಕಂಡರೆ ಅದು ಸ್ಕೇಲಿಂಗಿನ ವಿಷಯ, ರೆಸಲ್ಯೂಶನ್ನಿನದಲ್ಲ. ಎರಡನೆಯದಾಗಿ, ಕಂಪ್ಯೂಟರನ್ನು ಬೂಟ್ ಮಾಡುವ ಗ್ರಬ್ ಎಂಬ ಪ್ರೋಗ್ರಾಮಿನ ಸಾಲಿನಲ್ಲಿ, ಗ್ರಾಫಿಕ್ಸ್ ಡ್ರೈವರನ್ನು ತಡೆಯುವ ‘ನೋಮೋಡ್‌ಸೆಟ್’ ಎಂಬ ಪದ ಉಳಿದಿದೆಯೇ ನೋಡಿ. ಇನ್‌ಸ್ಟಾಲ್ ಮಾಡುವಾಗ ಪರದೆ ಕಪ್ಪಾದರೆ ಅದನ್ನು ಸೇರಿಸುವ ರೂಢಿಯಿದೆ, ತೆಗೆಯುವುದು ಮರೆತುಹೋಗುತ್ತದೆ. ಹಾಗೆಯೇ ‘ಎಲ್‌ಎಸ್‌ಪಿಸಿಐ’ ಆಜ್ಞೆಯನ್ನು ‘-ಕೆ’ ಸೇರಿಸಿ ಕೊಟ್ಟರೆ ಗ್ರಾಫಿಕ್ಸ್ ಸಾಲಿನ ಕೆಳಗೆ ಬಳಕೆಯಲ್ಲಿರುವ ಡ್ರೈವರಿನ ಹೆಸರು ಬರುತ್ತದೆ. ನಿಮ್ಮ ಯಂತ್ರದಲ್ಲಿ ಅದು ‘ಐ915’ ಆಗಿರಬೇಕು.

ಗಂಗಾವತಿ

ತಾವು ಹೇಳಿದ್ದನ್ನೆಲ್ಲ ನೋಡಿದೆ. ಮಾನಿಟರಿನ ಮೆನುವಿನಲ್ಲಿಯೂ 1024×768, 60 ಹರ್ಟ್ಸ್ ಎಂದೇ ಇದೆ. ಸ್ಕೇಲಿಂಗ್ ನೂರು ಪ್ರತಿಶತ ಇದೆ, ನೋಮೋಡ್‌ಸೆಟ್ ಎಲ್ಲಿಯೂ ಇಲ್ಲ, ಡ್ರೈವರ್ ಐ915 ಬಳಕೆಯಲ್ಲಿದೆ.

ಎಲ್ಲ ಕಡೆ ಹೇಳುವಂತೆ ‘ಸಿವಿಟಿ’ ಆಜ್ಞೆಯಿಂದ ಮೋಡ್‌ಲೈನ್ (ಒಂದು ಅಳತೆಯ ಪೂರ್ಣ ಲೆಕ್ಕವಿರುವ ಸಾಲು) ಪಡೆದು, ಪರದೆಯ ಅಳತೆ ಬದಲಿಸುವ ‘ಎಕ್ಸ್‌ರ್ಯಾಂಡರ್’ ಆಜ್ಞೆಯ ಮೂಲಕ ಹೊಸ ಮೋಡ್ ಸೇರಿಸಲು ಪ್ರಯತ್ನಿಸಿದೆ. ಪರದೆಯಲ್ಲಿ ಯಾವ ಬದಲಾವಣೆಯೂ ಆಗಲಿಲ್ಲ. ಎಕ್ಸ್‌ರ್ಯಾಂಡರನ್ನು ಬರಿದೇ ಓಡಿಸಿದಾಗ ಮಾನಿಟರಿನ ಹೆಸರಿನ ಜಾಗದಲ್ಲಿ ‘ಎಕ್ಸ್‌ವೇಲ್ಯಾಂಡ್0’ ಎಂದು ಬರುತ್ತದೆ. ಮೊದಲು ಅಲ್ಲಿ ‘ವಿಜಿಎ-1’ ಎಂದು ಬರುತ್ತಿತ್ತು.

ಬಳ್ಳಾರಿಯಿಂದ ಉತ್ತರ

ಸರ್, ತಾವು ಕೊನೆಯಲ್ಲಿ ಬರೆದ ಸಾಲಿನಲ್ಲಿಯೇ ಅರ್ಧ ಉತ್ತರವಿದೆ. ಪರದೆಗೆ ಚಿತ್ರ ಕಳಿಸುವ ವ್ಯವಸ್ಥೆಗಳು ಎರಡಿವೆ, ಹಳೆಯ ಎಕ್ಸ್‌ಆರ್ಗ್ ಮತ್ತು ಹೊಸ ವೇಲ್ಯಾಂಡ್. 20.04ರಲ್ಲಿ ತಾನಾಗಿ ತೆರೆದುಕೊಳ್ಳುತ್ತಿದ್ದದ್ದು ಎಕ್ಸ್‌ಆರ್ಗ್ ಸೆಷನ್, 22.04ರಲ್ಲಿ ಇಂಟೆಲ್ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ ತೆರೆದುಕೊಳ್ಳುವುದು ವೇಲ್ಯಾಂಡ್. ವೇಲ್ಯಾಂಡಿನಲ್ಲಿ ಪರದೆಯ ಅಧಿಕಾರ ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್‌ನ ಕೈಯಲ್ಲಿರುತ್ತದೆ. ಎಕ್ಸ್‌ರ್ಯಾಂಡರಿಗೆ ಅಲ್ಲಿ ಕಾಣುವುದು ಹಳೆಯ ಅಪ್ಲಿಕೇಶನ್ನುಗಳಿಗಾಗಿ ಇಟ್ಟ ತೋರಿಕೆಯ ಪರದೆ ಮಾತ್ರ. ಆದ್ದರಿಂದ ಅದರ ಮೂಲಕ ಎಷ್ಟು ಮೋಡ್ ಸೇರಿಸಿದರೂ ನಿಜವಾದ ಮಾನಿಟರಿಗೆ ತಲುಪುವುದಿಲ್ಲ.

ಆದರೆ ನನಗೆ ಮುಖ್ಯವೆನಿಸುವ ಪ್ರಶ್ನೆ ಬೇರೆ. ಸಾಮಾನ್ಯವಾಗಿ ಯಾರೂ ಮೋಡ್‌ಲೈನ್ ಬರೆಯಬೇಕಾಗಿಯೇ ಇಲ್ಲ. ತನ್ನ ಅಳತೆಯನ್ನು ಮಾನಿಟರ್ ತಾನೇ ಹೇಳಿಕೊಳ್ಳುತ್ತದೆ. ಅದರೊಳಗಿನ ಚಿಕ್ಕ ಚಿಪ್ಪಿನಲ್ಲಿ ಇಡಿಐಡಿ ಎಂಬ ಕನಿಷ್ಠ 128 ಬೈಟ್‌ಗಳ ವಿವರ ಇರುತ್ತದೆ. ತಯಾರಕರ ಗುರುತು, ಪರದೆಯ ಸೆಂಟಿಮೀಟರ್ ಅಳತೆ, ತಾಳಿಕೊಳ್ಳುವ ಮೋಡ್‌ಗಳು ಎಲ್ಲವೂ ಅದರಲ್ಲಿರುತ್ತವೆ. ವಿಜಿಎ ಕೇಬಲಿನ 15 ಪಿನ್‌ಗಳ ಪೈಕಿ 12 ಮತ್ತು 15ನೆಯವು ಈ ವಿವರವನ್ನು ಸಾಗಿಸುತ್ತವೆ, ಚಿತ್ರ ಬೇರೆ ತಂತಿಗಳಲ್ಲಿ ಬರುತ್ತದೆ. ಹೀಗಾಗಿ ಆ ಎರಡು ತಂತಿಗಳು ಇಲ್ಲದಿದ್ದರೂ ಚಿತ್ರ ಕಾಣುತ್ತದೆ, ಕೇಬಲ್ ಸರಿಯಾಗಿದೆ ಎಂದೇ ಅನಿಸುತ್ತದೆ. ಮಾನಿಟರಿನಿಂದ ಉತ್ತರ ಬರದಿದ್ದಾಗ ಲಿನಕ್ಸಿನ ತಿರುಳಾದ ಕರ್ನೆಲ್ ಅಪಾಯವಿಲ್ಲದ 1024×768 ಮತ್ತು ಅದಕ್ಕಿಂತ ಕಡಿಮೆ ಅಳತೆಗಳನ್ನಷ್ಟೇ ಪಟ್ಟಿಗೆ ಹಾಕುತ್ತದೆ. ನಿಮ್ಮ ಪಟ್ಟಿ ಅದರಂತೆಯೇ ಇದೆ.

ಪರೀಕ್ಷಿಸಲು ‘ಸಿಸ್’ ಫೋಲ್ಡರಿನ ‘ಕ್ಲಾಸ್’, ಅದರೊಳಗೆ ‘ಡಿಆರ್‌ಎಂ’, ಅದರೊಳಗೆ ‘ಕಾರ್ಡ್0-ವಿಜಿಎ-1’ ಎಂಬ ಫೋಲ್ಡರಿಗೆ ಹೋಗಿ. ಅಲ್ಲಿ ‘ಇಡಿಐಡಿ’ ಎಂಬ ಫೈಲ್ ಇದೆ. ಅದರ ಗಾತ್ರವನ್ನು ‘ಎಲ್‌ಎಸ್’ನಿಂದ ನೋಡಬೇಡಿ; ಒಳಗೆ ವಿವರ ಇದ್ದರೂ ಅದು ಸೊನ್ನೆ ಎಂದೇ ತೋರಿಸುತ್ತದೆ. ಅನೇಕರು ಅಲ್ಲಿಯೇ ದಾರಿ ತಪ್ಪುತ್ತಾರೆ. ‘ಡಬ್ಲ್ಯೂಸಿ -ಸಿ’ ಕೊಟ್ಟು ಎಣಿಸಿ. 128 ಅಥವಾ 256 ಬಂದರೆ ಮಾನಿಟರ್ ಮಾತನಾಡುತ್ತಿದೆ, 0 ಬಂದರೆ ಇಲ್ಲ.

ನಂತರ ಯಂತ್ರ ಹಾಗೂ ಮಾನಿಟರ್ ಎರಡನ್ನೂ ಆಫ್ ಮಾಡಿ, ಮಾನಿಟರನ್ನು ಒಳಕೋಣೆಗೆ ಒಯ್ದು, ಅದರೊಂದಿಗೆ ಬಂದಿದ್ದ ಗಿಡ್ಡ ಕೇಬಲಿನಿಂದ ನೇರವಾಗಿ ಜೋಡಿಸಿ ಮತ್ತೆ ಎಣಿಸಿ. ಕೊನೆಯದಾಗಿ, ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಆರಂಭವಾಗುವ ‘.ಎಕ್ಸ್‌ಪ್ರೊಫೈಲ್’ ಎಂಬ ಅಡಗಿದ ಫೈಲ್ ಇದೆಯೇ ನೋಡಿ. ಅಪ್‌ಗ್ರೇಡಿಗೆ ಮುಂಚೆ ಇದೇ ಕೇಬಲಿನಲ್ಲಿ 1920×1080 ಹೇಗೆ ಬರುತ್ತಿತ್ತು ಎಂಬುದಕ್ಕೆ ಉತ್ತರ ಅಲ್ಲಿರಬಹುದು.

ಗಂಗಾವತಿ

ತಾವು ಊಹಿಸಿದಂತೆಯೇ ಆಗಿದೆ. ಉದ್ದನೆಯ ಕೇಬಲಿನಲ್ಲಿ 0 ಬಂದಿತು. ಮಾನಿಟರನ್ನು ಒಳಗೆ ಒಯ್ದು ಗಿಡ್ಡ ಕೇಬಲ್ ಜೋಡಿಸಿದ ಕೂಡಲೇ 128 ಬಂದಿತು, ಯಾವ ಸೆಟ್ಟಿಂಗನ್ನೂ ಮುಟ್ಟದೆ ಪರದೆ 1920×1080ಕ್ಕೆ ಏರಿತು.

.ಎಕ್ಸ್‌ಪ್ರೊಫೈಲ್ ಕೂಡ ಇದೆ. ಅಂಗಡಿ ತೆರೆದ ಕಾಲದಲ್ಲಿ ಈ ಯಂತ್ರವನ್ನು ಜೋಡಿಸಿಕೊಟ್ಟವರು ಬರೆದಿಟ್ಟದ್ದು ಇರಬೇಕು. ಅದರಲ್ಲಿ ಎಕ್ಸ್‌ರ್ಯಾಂಡರಿನ ಮೂರು ಸಾಲುಗಳಿವೆ. ಮೊದಲ ಸಾಲಿನಲ್ಲಿ 173.00 ಎಂಬ ಸಂಖ್ಯೆಯೂ ಅದರ ಮುಂದೆ 1920, 2048, 2248, 2576 ಎಂಬ ಸಾಲೂ ಇದೆ. ಮಾನಿಟರನ್ನು ಒಳಕೋಣೆಯಲ್ಲಿಯೇ ಇಟ್ಟುಕೊಂಡು ಅಂಗಡಿ ನಡೆಸಲು ಆಗುವುದಿಲ್ಲ, ಗಿರಾಕಿಗಳು ಕರಡನ್ನು ಕೌಂಟರಿನಲ್ಲಿಯೇ ನೋಡಬೇಕು. ಮುಂದೇನು ಮಾಡಲಿ?

ಬಳ್ಳಾರಿ

ಈಗ ಎಲ್ಲವೂ ಸ್ಪಷ್ಟವಾಯಿತು. ಆ ಕೇಬಲಿನಲ್ಲಿ ಮೊದಲಿನಿಂದಲೂ ಮಾನಿಟರಿನ ಉತ್ತರ ಬರುತ್ತಿರಲಿಲ್ಲ. ಜೋಡಿಸಿಕೊಟ್ಟವರು ಅದನ್ನು ಅರಿತು, ಲಾಗಿನ್ ಆದೊಡನೆ ಅಳತೆಯನ್ನು ಒತ್ತಾಯವಾಗಿ ಕೂರಿಸುವ ಸಾಲುಗಳನ್ನು ಬರೆದಿದ್ದರು. 173.00 ಎಂಬುದು 1920×1080ಕ್ಕೆ ಸಿವಿಟಿ ಕೊಡುವ ಪಿಕ್ಸೆಲ್ ಕ್ಲಾಕ್, ಅಂದರೆ ಪರದೆಯ ಚುಕ್ಕೆಗಳನ್ನು ಕಳಿಸುವ ವೇಗ, ಮೆಗಾಹರ್ಟ್ಸ್ ಲೆಕ್ಕದಲ್ಲಿ. ಎಕ್ಸ್‌ಆರ್ಗ್ ಸೆಷನ್ ಆರಂಭವಾಗುವಾಗ .ಎಕ್ಸ್‌ಪ್ರೊಫೈಲ್ ಓದಲ್ಪಡುತ್ತಿತ್ತು, ವೇಲ್ಯಾಂಡ್ ಸೆಷನ್ ಅದನ್ನು ಓದುವುದಿಲ್ಲ. ಅಪ್‌ಗ್ರೇಡ್ ಹೊಸ ದೋಷವನ್ನೇನೂ ತಂದಿಲ್ಲ, ಹಳೆಯ ದೋಷದ ಮೇಲಿದ್ದ ಮುಚ್ಚಳವನ್ನು ತೆಗೆದಿದೆ.

ಇಂದಿನ ಕೆಲಸ ನಿಲ್ಲಬಾರದೆಂದರೆ, ಲಾಗಿನ್ ಪರದೆಯಲ್ಲಿ ಹೆಸರನ್ನು ಆರಿಸಿದ ಮೇಲೆ ಕೆಳಗೆ ಬಲಗಡೆ ಕಾಣುವ ಚಕ್ರದ ಗುರುತನ್ನು ಒತ್ತಿ ‘ಉಬುಂಟು ಆನ್ ಎಕ್ಸ್‌ಆರ್ಗ್’ ಆರಿಸಿಕೊಳ್ಳಿ. ಹಳೆಯ ಸಾಲುಗಳು ಮತ್ತೆ ಕೆಲಸ ಮಾಡುತ್ತವೆ. ಇದನ್ನೇ ಕಾಯಂ ಪರಿಹಾರವೆಂದು ಇಟ್ಟುಕೊಳ್ಳುವುದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಏಕೆಂದರೆ ಮುಂದಿನ ಅಪ್‌ಗ್ರೇಡುಗಳು ಎಕ್ಸ್‌ಆರ್ಗ್‌ನಿಂದ ದೂರ ಸರಿಯುತ್ತಲೇ ಹೋಗುತ್ತವೆ.

ಸರಿಯಾದ ಪರಿಹಾರ ಕೇಬಲ್ ಬದಲಿಸುವುದು. ಕೊಳ್ಳುವಾಗ ಪಿನ್ ಎಣಿಸಿ ಸಮಾಧಾನಪಟ್ಟುಕೊಳ್ಳಬೇಡಿ. 9ನೇ ಪಿನ್ ಇಲ್ಲದ ಕೇಬಲುಗಳು ಬಹಳ ಇವೆ, ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ; ತದ್ವಿರುದ್ಧವಾಗಿ, ಹೊರಗೆ 12 ಮತ್ತು 15ನೇ ಪಿನ್ ಕಂಡರೂ ಒಳಗೆ ತಂತಿ ಹಾಕದ ಅಗ್ಗದ ಕೇಬಲುಗಳೂ ಇವೆ. ಟಿವಿ ರಿಪೇರಿ ಅಂಗಡಿಯವರ ಬಳಿ ಮಲ್ಟಿಮೀಟರ್ ಇರುತ್ತದೆ. ಎರಡು ತುದಿಗಳ 12ರಿಂದ 12ಕ್ಕೆ, 15ರಿಂದ 15ಕ್ಕೆ ಮುಟ್ಟಿಸಿದಾಗ ಬೀಪ್ ಬಂದರೆ ಕೊಳ್ಳಿ.

ಅಲ್ಲಿಯವರೆಗೆ ಒಂದು ಉಪಾಯವಿದೆ. ಮಾನಿಟರ್ ನೇರ ಜೋಡಣೆಯಲ್ಲಿದ್ದಾಗ ಅದರ ಇಡಿಐಡಿಯನ್ನು ನಕಲು ಮಾಡಿಟ್ಟುಕೊಂಡು, ಕರ್ನೆಲ್ಲಿಗೆ ಅದನ್ನೇ ಕೊಟ್ಟುಬಿಡುವುದು. ಕೈಯಿಂದ ಬರೆದ ಮೋಡ್‌ಲೈನಿಗಿಂತ ಇದು ಎಷ್ಟೋ ಮೇಲು, ಏಕೆಂದರೆ ಇದು ಮಾನಿಟರ್ ತಾನೇ ಕೊಟ್ಟ ವಿವರ. ವೇಲ್ಯಾಂಡ್, ಎಕ್ಸ್‌ಆರ್ಗ್, ಲಾಗಿನ್ ಪರದೆ ಮೂರಕ್ಕೂ ಒಂದೇ ಸಲಕ್ಕೆ ಅನ್ವಯಿಸುತ್ತದೆ.

‘ಲಿಬ್’ ಒಳಗಿನ ‘ಫರ್ಮ್‌ವೇರ್’ ಫೋಲ್ಡರಿನಲ್ಲಿ ‘ಇಡಿಐಡಿ’ ಎಂಬ ಹೊಸ ಫೋಲ್ಡರ್ ಮಾಡಿ, ಗಿಡ್ಡ ಕೇಬಲ್ ಜೋಡಿಸಿಕೊಂಡು ಮೇಲೆ ಹೇಳಿದ ಫೈಲನ್ನು ಸುಡೊ (ಅಡ್ಮಿನ್ ಅಧಿಕಾರ ಕೊಡುವ ಆಜ್ಞೆ) ಸಹಿತ ‘ಸಿಪಿ’ಯಿಂದ ಅಲ್ಲಿಗೆ ‘ಅಂಗಡಿ.ಬಿನ್’ ಎಂಬ ಹೆಸರಿನಲ್ಲಿ ನಕಲಿಸಿ. ನಕಲಿನಲ್ಲಿಯೂ 128 ಬೈಟ್ ಇದೆಯೇ ಎಂದು ಎಣಿಸಿಯೇ ಮುಂದೆ ಹೋಗಿ. ‘ಇಟಿಸಿ’ ಒಳಗಿನ ‘ಇನಿಟ್‌ರ್ಯಾಮ್‌ಎಫ್‌ಎಸ್-ಟೂಲ್ಸ್’ ಫೋಲ್ಡರಿನ ‘ಹುಕ್ಸ್’ನಲ್ಲಿ ಈ ಫೈಲನ್ನು ಸೇರಿಸಿಕೊಳ್ಳುವ ಚಿಕ್ಕ ಸ್ಕ್ರಿಪ್ಟ್ ಇಟ್ಟು, ಅದಕ್ಕೆ ಓಡುವ ಅನುಮತಿ ಕೊಟ್ಟು, ‘ಅಪ್‌ಡೇಟ್-ಇನಿಟ್‌ರ್ಯಾಮ್‌ಎಫ್‌ಎಸ್ -ಯು’ ಓಡಿಸಿ. ಇನಿಟ್‌ರ್ಯಾಮ್‌ಎಫ್‌ಎಸ್ ಎಂದರೆ ಬೂಟಿನ ಆರಂಭದಲ್ಲಿ ಮೆಮೊರಿಗೆ ಬರುವ ಫೈಲುಗಳ ಕಟ್ಟು; ಡ್ರೈವರ್ ಬೂಟಿನ ಆರಂಭದಲ್ಲಿಯೇ ಎದ್ದರೆ ಆಗಲೂ ಫೈಲ್ ಕೈಗೆ ಸಿಗಬೇಕು. ಆಮೇಲೆ ಗ್ರಬ್‌ನ ಡಿಫಾಲ್ಟ್ ಫೈಲಿನಲ್ಲಿ ‘ಕ್ವಾಯಟ್ ಸ್ಪ್ಲ್ಯಾಶ್’ ಪದಗಳ ನಂತರ ಒಂದು ಜಾಗ ಬಿಟ್ಟು ‘ಡಿಆರ್‌ಎಂ.ಇಡಿಐಡಿ_ಫರ್ಮ್‌ವೇರ್=ವಿಜಿಎ-1:ಇಡಿಐಡಿ/ಅಂಗಡಿ.ಬಿನ್’ ಎಂದು ಸೇರಿಸಿ ‘ಅಪ್‌ಡೇಟ್-ಗ್ರಬ್’ ಓಡಿಸಿ. ಇಂಗ್ಲಿಷಿನಲ್ಲಿ ಟೈಪ್ ಮಾಡುವಾಗ ವಿಜಿಎ ಮಾತ್ರ ದೊಡ್ಡಕ್ಷರಗಳಲ್ಲಿರಲಿ, ಉಳಿದದ್ದೆಲ್ಲ ಸಣ್ಣಕ್ಷರ.

ಕಾಯಂ ಮಾಡುವ ಮೊದಲು ಪರೀಕ್ಷಿಸಬೇಕೆಂದರೆ, ಬೂಟ್ ಆಗುವಾಗ ಗ್ರಬ್ ಮೆನು ತೆರೆದು ‘ಇ’ ಕೀಲಿ ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ ಅದೇ ಪದವನ್ನು ಸೇರಿಸಿ. ಅದು ಆ ಒಂದು ಬೂಟಿಗಷ್ಟೇ ಅನ್ವಯಿಸುತ್ತದೆ. ಎಲ್ಲ ಮುಗಿದ ಮೇಲೆ .ಎಕ್ಸ್‌ಪ್ರೊಫೈಲಿನ ಮೂರು ಸಾಲುಗಳ ಆರಂಭದಲ್ಲಿ ಹ್ಯಾಶ್ ಗುರುತು ಹಾಕಿ ನಿಲ್ಲಿಸಿ.

ಸಿಂಧನೂರಿನಿಂದ

ಇದೇ ತೊಂದರೆ ನಮ್ಮಲ್ಲಿಯೂ ಇದೆ. ಲಿನಕ್ಸ್ ಮಿಂಟ್ 22, ಎಕ್ಸ್‌ಆರ್ಗ್ ಸೆಷನ್, ಗಿಡ್ಡ ಎಚ್‌ಡಿಎಂಐ ಕೇಬಲ್. ಪಟ್ಟಿಯಲ್ಲಿ ಒಂದೇ ಒಂದು ಅಳತೆ ಇದೆ, ಎಕ್ಸ್‌ರ್ಯಾಂಡರಿನಲ್ಲಿ ಮಾನಿಟರಿನ ಹೆಸರು ‘ನನ್-1’ ಎಂದಿದೆ. ನಾವೂ ಇಡಿಐಡಿ ನಕಲು ಮಾಡಬೇಕೇ?

ರಾಯಚೂರು

ಬೇಡ ಸರ್, ನಿಮ್ಮದು ಬೇರೆ ಕಾಯಿಲೆ. ಹಾಗೆ ಹೆಸರು ಬಂದಿದೆಯೆಂದರೆ ಗ್ರಾಫಿಕ್ಸ್ ಡ್ರೈವರ್ ಎದ್ದಿಲ್ಲ, ಬೂಟಿನ ವೇಳೆ ಸಿಕ್ಕ ಸರಳ ಪರದೆಯ ಮೇಲೆಯೇ ಎಲ್ಲವೂ ನಡೆಯುತ್ತಿದೆ. ಗ್ರಬ್ ಫೈಲಿನಲ್ಲಿ ನೋಮೋಡ್‌ಸೆಟ್ ಇದ್ದರೆ ತೆಗೆದುಹಾಕಿ ಅಪ್‌ಡೇಟ್-ಗ್ರಬ್ ಓಡಿಸಿ ನೋಡಿ.

ಸಿಂಧನೂರು

ಇತ್ತು, ತೆಗೆದೆ. ಈಗ ‘ಎಚ್‌ಡಿಎಂಐ-1’ ಎಂದು ಬರುತ್ತಿದೆ, ಅಳತೆಯೂ ಸರಿಯಾಗಿದೆ. ಧನ್ಯವಾದಗಳು ಸರ್.

ಗಂಗಾವತಿ

ಬಳ್ಳಾರಿಯವರು ತಿಳಿಸಿದ ಕ್ರಮದಲ್ಲಿಯೇ ಮಾಡಿದೆ. ಉದ್ದನೆಯ ಕೇಬಲಿನಲ್ಲಿಯೇ, ವೇಲ್ಯಾಂಡ್ ಸೆಷನ್ನಿನಲ್ಲಿಯೇ 1920×1080 ಬಂದಿದೆ. ಲಾಗಿನ್ ಪರದೆಯೂ ಈಗ ಪೂರ್ಣ ಅಳತೆಯಲ್ಲಿದೆ, ಅದು ಹಿಂದೆ ಯಾವತ್ತೂ ಹಾಗಿರಲಿಲ್ಲ. ಇಂಕ್‌ಸ್ಕೇಪಿನಲ್ಲಿ ವೃತ್ತ ಬರೆದು ಪರದೆಯ ಮೇಲೆ ಸ್ಕೇಲ್ ಹಿಡಿದು ನೋಡಿದೆ, ಅಡ್ಡವೂ ಉದ್ದವೂ ಸಮವಾಗಿವೆ. ಒತ್ತಕ್ಷರಗಳು ಬಿಡಿಬಿಡಿಯಾಗಿ ಓದಲು ಬರುತ್ತವೆ. ಒಂದೇ ಸಂದೇಹ: ಕಪ್ಪು ಅಕ್ಷರಗಳ ಬಲಕ್ಕೆ ತೆಳುವಾದ ನೆರಳು ಕಾಣುತ್ತದೆ. ಇದೂ ಇಡಿಐಡಿಯಿಂದಲೇ?

ಬಳ್ಳಾರಿ

ಅಲ್ಲ ಸರ್, ಅದು ಕೇಬಲಿನ ಉದ್ದದಿಂದ ಬರುವಂಥದ್ದು. ವಿಜಿಎ ಅನಲಾಗ್ ಸಿಗ್ನಲ್ ಆದ್ದರಿಂದ ಅಳತೆ ಏರಿದಷ್ಟೂ ತಂತಿಯ ಮೇಲಿನ ಭಾರ ಹೆಚ್ಚುತ್ತದೆ, ತೆಳುವಾದ ಕೇಬಲಿನಲ್ಲಿ ಸಿಗ್ನಲ್ ತುದಿಯಿಂದ ತುದಿಗೆ ಪ್ರತಿಫಲಿಸಿ ನೆರಳಾಗಿ ಕಾಣುತ್ತದೆ. ದಪ್ಪನೆಯ, ಒಳ್ಳೆಯ ಶೀಲ್ಡಿಂಗ್ ಇರುವ ಕೇಬಲ್ ಹಾಕಿದರೆ ಕಡಿಮೆಯಾಗುತ್ತದೆ. ಯಂತ್ರದ ಹಿಂದೆ ಹಾಗೂ ಮಾನಿಟರಿನಲ್ಲಿ ಎಚ್‌ಡಿಎಂಐ ಇದ್ದರೆ ಅದಕ್ಕೇ ಬದಲಾಯಿಸುವುದು ಇನ್ನೂ ಉತ್ತಮ, ಆಗ ನೆರಳಿನ ಪ್ರಶ್ನೆಯೇ ಬರುವುದಿಲ್ಲ.

ಕೇಬಲ್ ಬದಲಿಸಿದ ದಿನವೇ ಗ್ರಬ್ ಫೈಲಿನಿಂದ ಆ ಇಡಿಐಡಿ ಪದವನ್ನು ತೆಗೆದು ಅಪ್‌ಡೇಟ್-ಗ್ರಬ್ ಓಡಿಸಿರಿ. ಅದು ಉಳಿದರೆ, ಮುಂದೆ ವಿಜಿಎಗೆ ಬೇರೆ ಮಾನಿಟರ್ ಜೋಡಿಸಿದಾಗಲೂ ಕರ್ನೆಲ್ ಈ ಹಳೆಯ ಮಾನಿಟರಿನ ವಿವರವನ್ನೇ ನಂಬಿಕೊಂಡಿರುತ್ತದೆ. ನಿಮ್ಮ ನಂತರ ಆ ಯಂತ್ರವನ್ನು ನೋಡುವವರಿಗೆ ತಿಳಿಯುವಂತೆ, ಗ್ರಬ್ ಫೈಲಿನಲ್ಲಿ ಆ ಸಾಲಿನ ಮೇಲೆ ಹ್ಯಾಶ್ ಗುರುತು ಹಾಕಿ, ಯಾವ ಕೇಬಲಿಗಾಗಿ ಇದನ್ನು ಸೇರಿಸಲಾಯಿತು ಎಂದು ಒಂದು ಸಾಲು ಬರೆದಿಡಿ.