ಕೈಲ್‌ಪೊಳ್ದ್‌ಗೆ ಮುನ್ನ .22 ರೈಫಲಿನ ನಳಿಗೆಯನ್ನು ಶುಚಿಗೊಳಿಸುವ ಸರಿಯಾದ ಕ್ರಮ ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪ್ರತಿವರ್ಷ ಸೆಪ್ಟೆಂಬರ್ 3ರಂದು ಬರುವ, ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ಗೆ ಎರಡು ದಿನ ಮೊದಲು ನಮ್ಮ ಮನೆಯ .22 ಬೋಲ್ಟ್ ರೈಫಲನ್ನು ಹೊರತೆಗೆದು, ನಳಿಗೆಯ ಬಾಯಿಯ ಕಡೆಯಿಂದ ಮೂರು ತುಂಡಿನ ಕಬ್ಬಿಣದ ಸರಳನ್ನು ತೂರಿಸಿ, ಸೀಮೆಎಣ್ಣೆಯಲ್ಲಿ ಅದ್ದಿದ ಕಂಚಿನ ಬ್ರಷ್‌ನಿಂದ ಉಜ್ಜಿ, ಎಣ್ಣೆ ಹಚ್ಚಿ ಪೂಜೆಗೆ ಇಡುವುದು ನಮ್ಮ ತಂದೆಯವರ ಕಾಲದಿಂದ ಬಂದ ರೂಢಿ. ಆದರೆ 50 ಮೀಟರಿನಲ್ಲಿ ನಾಣ್ಯದಷ್ಟು ಜಾಗದೊಳಗೆ ಬೀಳುತ್ತಿದ್ದ ಐದು ಗುಂಡುಗಳು ಎರಡು ವರ್ಷಗಳಿಂದ ಅಂಗೈಯಗಲ ಹರಡುತ್ತಿದ್ದು, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ಮೊದಲ ಗುಂಡಂತೂ ಗುರಿಯ ಹತ್ತಿರವೂ ಸುಳಿಯುವುದಿಲ್ಲ. ಶುಚಿ ಮಾಡುವುದರಲ್ಲಿಯೇ ತಪ್ಪಿದೆಯೇ?

ಉತ್ತರ 1

ತಪ್ಪು ಸರಳು ತೂರಿಸುವ ದಿಕ್ಕಿನಲ್ಲಿದೆ ಎಂದು ನನಗೆ ಅನಿಸುತ್ತದೆ. ಗುಂಡು ನಳಿಗೆಯನ್ನು ಬಿಡುವ ಕ್ಷಣದಲ್ಲಿ ಅದರ ಹಿಂದಿನ ಅನಿಲ ಸುತ್ತಲೂ ಸಮನಾಗಿ ಹೊರಬರಬೇಕು; ಸರಳು ಉಜ್ಜಿ ಬಾಯಿಯ ಅಂಚು ಒಂದು ಪಕ್ಕದಲ್ಲಿ ಸವೆದಿದ್ದರೆ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡಿನ ಬುಡವನ್ನು ಓರೆಯಾಗಿಸುತ್ತದೆ. ತುಂಡು ಸರಳುಗಳ ಕೀಲುಗಳು ಒಳಗಿನ ಸುರುಳಿ ಗೆರೆಗಳನ್ನೂ ಗೀರುತ್ತವೆ.

ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡಿನಲ್ಲಿ, ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಆ ಗೂಡನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಕಳಚಿ, ಹಿಂಬದಿಯಿಂದಲೇ ಕೆಲಸ ಆರಂಭಿಸಿ. ಪ್ಲಾಸ್ಟಿಕ್ ಲೇಪನವಿರುವ, ಹಿಡಿ ತಾನಾಗಿ ತಿರುಗುವ ಒಂದೇ ತುಂಡಿನ ಸರಳು ಮತ್ತು ಅದನ್ನು ನೇರವಾಗಿ ಹಿಡಿಯುವ ಬೋರ್ ಗೈಡ್ ಕೊಳ್ಳುವುದು ಸಾರ್ಥಕವಾದ ಖರ್ಚು. ಕೋವಿ ಶುಚಿಗೊಳಿಸುವ ದ್ರಾವಣದಲ್ಲಿ ತೋಯಿಸಿದ ಬಟ್ಟೆಯ ತುಂಡನ್ನು ಬಾಯಿಯವರೆಗೆ ದೂಡಿ, ಅಲ್ಲಿ ಅದನ್ನು ಬಿಡಿಸಿದ ಮೇಲೆಯೇ ಸರಳನ್ನು ಹಿಂದಕ್ಕೆಳೆಯಿರಿ. .22 ಗುಂಡು ಸೀಸದ್ದಾದ್ದರಿಂದ ತಾಮ್ರ ಕರಗಿಸುವ ಅಮೋನಿಯಾ ದ್ರಾವಣದ ಅಗತ್ಯವಿಲ್ಲ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ. ಮೊದಲ ಗುಂಡು ದಾರಿ ತಪ್ಪುವುದಕ್ಕೆ ಮಾತ್ರ ಕಾರಣ ಬೇರೆ: ನಳಿಗೆಯಲ್ಲಿ ಉಳಿದ ಎಣ್ಣೆ. ಸ್ಪರ್ಧೆಯ ಬೆಳಿಗ್ಗೆ ಒಣ ಬಟ್ಟೆ ಹಾಯಿಸಿ ಎಣ್ಣೆಯನ್ನೆಲ್ಲ ತೆಗೆಯಿರಿ. ಆ ಮೇಲೆಯೂ ಗುಂಡಿಗೆ ಸವರಿರುವ ಮೇಣ ನಳಿಗೆಯ ಒಳಮೈಗೆ ತೆಳುವಾಗಿ ಹತ್ತುವವರೆಗೆ ನಳಿಗೆ ಸ್ಥಿರವಾಗುವುದಿಲ್ಲವಾದ್ದರಿಂದ, ಅಭ್ಯಾಸದ ಗುರಿಗೆ ಐದಾರು ಗುಂಡು ಹೊಡೆದು ಅನಂತರ ಕಾಯಿಗೆ ಗುರಿಯಿಡಿ. ಕಂಚಿನ ಬ್ರಷ್ ಪ್ರತಿ ಸಲವೂ ಬೇಡ; ಚೇಂಬರಿನ ಮುಂದೆ ಗಟ್ಟಿಯಾಗಿ ಕಟ್ಟುವ ಮಸಿಯ ಉಂಗುರವನ್ನು ತೆಗೆಯಲು ಮಾತ್ರ ಅದನ್ನು ಬಳಸಿ.

ಉತ್ತರ 3

ಸೀಮೆಎಣ್ಣೆ ಕೊಳೆ ಬಿಡಿಸುತ್ತದೆ, ಆದರೆ ಕಕ್ಕಡ ಮಾಸದ ಮಳೆಯ ತೇವದಲ್ಲಿ ತುಕ್ಕನ್ನು ತಡೆಯುವುದಿಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆಯಾದರೂ ತೆಗೆದು ನೋಡಿ ಕೋವಿಎಣ್ಣೆ ಸವರಬೇಕು. ಚರ್ಮದ ಚೀಲದೊಳಗೆ ಮುಚ್ಚಿಡುವುದಂತೂ ಬೇಡವೇ ಬೇಡ. ಮನೆಯಲ್ಲಿ ಕರಿಮದ್ದಿನ ಹಳೆಯ ಕೋವಿಯಿದ್ದರೆ ಅದರ ಕ್ರಮವೇ ಬೇರೆ. ಆ ಮದ್ದು ಬಿಡುವ ಲವಣ ತೇವವನ್ನು ಹೀರುತ್ತದೆ, ಎಣ್ಣೆಗೆ ಕರಗುವುದಿಲ್ಲ. ಹಾರಿಸಿದ ದಿನವೇ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಎಣ್ಣೆ ಹಚ್ಚಬೇಕು.

ಪ್ರಶ್ನೆ ಕೇಳಿದವರು

ಭೂತಗನ್ನಡಿಯಲ್ಲಿ ನೋಡಿದೆ. ಬಾಯಿಯ ಅಂಚು ಕೆಳಪಕ್ಕದಲ್ಲಿ ಸ್ಪಷ್ಟವಾಗಿ ಸವೆದು ಹೊಳೆಯುತ್ತಿದೆ. ಪರವಾನಗಿ ಇರುವ ಕೋವಿ ರಿಪೇರಿಯವರಲ್ಲಿ ಆ ಅಂಚನ್ನು ಹೊಸದಾಗಿ ಕಡೆಸಿ, ಒಂದೇ ತುಂಡಿನ ಸರಳು ತಂದ ಮೇಲೆ ಮತ್ತೆ ಐದು ಗುಂಡು ಹೊಡೆದು ಇಲ್ಲಿಯೇ ತಿಳಿಸುತ್ತೇನೆ.